ಮೋರೆ ನನ್ನದು, ಪತ್ರೊಡೆ ಯಾರದ್ದು?

ಟಿ.ವಿ.ಯ ಅಡುಗೆ ಸ್ಪರ್ಧೆಗಳಲ್ಲಿ ತೀರ್ಪುಗಾರರು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ "ಆಹಾ" ಎನ್ನುವಾಗ ನಾನು ನೋಡುವುದು ಅವರ ಗಂಟಲನ್ನು. ನುಂಗಿದರೋ ಇಲ್ಲವೋ? ಎಷ್ಟೋ ಸಲ ನುಂಗಿರುವುದಿಲ್ಲ. ತುತ್ತು ಇನ್ನೂ ಕೆನ್ನೆಯೊಳಗಿರುತ್ತದೆ, ಹೊಗಳಿಕೆ ಆಗಲೇ ಹೊರಗೆ ಬಿದ್ದಿರುತ್ತದೆ. "ನೀನು ಅಡಿಗೆ ಪ್ರೋಗ್ರಾಮನ್ನು ಸಹ ಪೊಲೀಸರ ಹಾಗೆ ನೋಡುವುದೆಂತಕ್ಕೆ ಮಾರಾಯ್ತಿ" ಎಂದು ನನ್ನ ಗಂಡ ಕೇಳುವುದುಂಟು. ಕೇಳಲಿ. ಆ ಕ್ಯಾಮೆರಾದ ಎದುರು ತೀರ್ಪುಗಾರಳಾಗಿ ಕೂತು ಬಂದವಳು ನಾನು, ಅವರಲ್ಲ.

ಮನೆಮನೆಗೆ ಕೇಬಲ್ ಬಂದು, ಊರೂರಿಗೊಂದು ಚಾನೆಲ್ ಹುಟ್ಟಿಕೊಳ್ಳುತ್ತಿದ್ದ ಕಾಲ ಅದು. ನಾವು ಶಿರಿಯದಲ್ಲಿ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿದ್ದೆವು. ನಾನು ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಪಕ್ಕದ ಮನೆ ಬಾಯಮ್ಮನದು. ಬಾಯಮ್ಮ ಎಂಬುದು ಹೆಸರಲ್ಲ, ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. ಮನೆಯೊಳಗೆ ಅವರದು ಕೊಂಕಣಿ, ಮೀನಿನವನ ಹತ್ತಿರ ತುಳು, ನನ್ನ ಹತ್ತಿರ ಕನ್ನಡ. ಆ ಊರಿಗೆ ಬಂದ ಹೊಸದರಲ್ಲಿ ನನಗೆ ಟೈಫಾಯ್ಡ್ ಆಗಿತ್ತು. ಗಂಡ ಕೆಲಸಕ್ಕೆ ಹೋದ ಮೇಲೆ ಗಂಜಿ ಬೇಯಿಸಿ ತಂದು, ನಾನು ಉಂಡು ಮುಗಿಸುವ ತನಕ ಎದುರಿಗೇ ಕೂತು, ಪಾತ್ರೆ ತೊಳೆದುಕೊಂಡು ಹೋಗುತ್ತಿದ್ದವರು ಬಾಯಮ್ಮ. ನನ್ನ ಸ್ವಂತ ಅಕ್ಕ ಒಂದು ದಿನ ಬಂದು ನೋಡಿ ಹೋದಳು, ಅಷ್ಟೆ.

ಜಡಿಮಳೆಯ ಆಟಿ ತಿಂಗಳು ಬಂದರೆ ಬಾಯಮ್ಮನ ಪತ್ರೊಡೆ ಕಂಪೌಂಡಿನ ಮೇಲಿಂದ ನಮ್ಮ ಮನೆಗೆ ಬರುತ್ತಿತ್ತು. ಪತ್ರೊಡೆ ಎಂದರೆ ಗೊತ್ತಲ್ಲ, ಅಕ್ಕಿ ತೆಂಗಿನಕಾಯಿ ಮೆಣಸು ಬೆಲ್ಲ ಹುಳಿ ಎಲ್ಲ ಅರೆದು ಕೆಸುವಿನ ಎಲೆಗೆ ಹಚ್ಚಿ, ಎಲೆಯ ಮೇಲೆ ಎಲೆ ಇಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುವುದು. ಬಾಯಮ್ಮ ಹುಣಸೆಹುಳಿ ಸಾಲದೆಂದು ಬಿಂಬುಳಿ ಕಾಯಿಯನ್ನೂ ಅರೆದು ಹಾಕುತ್ತಿದ್ದರು. ಕೆಸುವಿಗೆ ಹುಳಿ ಬೇಕು, ಬೇಯಲಿಕ್ಕೆ ಸಮಯ ಬೇಕು. ಎರಡರಲ್ಲಿ ಒಂದು ಕಡಿಮೆಯಾದರೂ ನಾಲಗೆಯಿಂದ ಗಂಟಲಿನ ತನಕ ತುರಿಸಿ ಜೀವ ಹೋಗುತ್ತದೆ. ಬಾಯಮ್ಮನ ಪತ್ರೊಡೆ ಒಂದು ಸಲವೂ ತುರಿಸಿದ್ದಿಲ್ಲ. ಇಗರ್ಜಿಯಲ್ಲಿ, ಅಂದರೆ ಅವರ ಚರ್ಚಿನಲ್ಲಿ, ಯಾರ ಮನೆಯ ಸಮಾರಂಭವಾದರೂ ಪತ್ರೊಡೆ ಮಾಡಲು ಅವರನ್ನೇ ಕರೆಯುತ್ತಿದ್ದರು. ಆ ಒಂದು ವಿಷಯದಲ್ಲಿ ಅವರಿಗೆ ಸ್ವಲ್ಪ ಜಂಬವೂ ಇತ್ತು, ಇರಬೇಕಾದದ್ದೇ.

ಚಾನೆಲ್ಲಿನವರು ಆಟಿಯ ಅಡುಗೆ ಸ್ಪರ್ಧೆ ಎಂದು ಹೊರಟಾಗ ಬಾಯಮ್ಮನ ತಮ್ಮನ ಹೆಂಡತಿ ಅವರ ಹೆಸರು ಕೊಟ್ಟಳು. ಇತ್ತ ನಮ್ಮ ಹೆಡ್‌ಮಾಸ್ಟರು ತೀರ್ಪಿಗೆ ನನ್ನ ಹೆಸರು ಹೇಳಿದರು. ಶಾಲಾ ಕಲೋತ್ಸವಗಳಲ್ಲಿ ತೀರ್ಪುಗಾರಳಾಗಿ ಕೂತು, ದೊಡ್ಡವರ ಮಕ್ಕಳಿಗೂ ಮುಲಾಜಿಲ್ಲದೆ ಸೊನ್ನೆ ಹಾಕಿದ ಕುಖ್ಯಾತಿ ನನಗಿತ್ತು. ನಾನು ಮೊದಲೇ ಫೋನಿನಲ್ಲಿ ಹೇಳಿದೆ, ಸ್ಪರ್ಧಿಗಳಲ್ಲಿ ಒಬ್ಬರು ನನ್ನ ನೆರೆಮನೆಯವರು, ಹತ್ತಿರದ ಗೆಳತಿ, ನಾನು ಬರುವುದು ಸರಿಯಲ್ಲ ಎಂದು. ಆಚೆಯಿಂದ ಚಾನೆಲ್ಲಿನ ನಿರ್ದೇಶಕ ಹುಡುಗ, "ಹೌದಾ ಟೀಚರ್? ಅದು ಒಳ್ಳೆದೇ ಆಯ್ತಲ್ಲ" ಎಂದ. ಎಂತ ಒಳ್ಳೆಯದಾಯಿತು ಎಂದು ನನಗೆ ಆಗಲೇ ಸಂಶಯ ಬರಬೇಕಿತ್ತು.

ಶೂಟಿಂಗ್ ಇದ್ದದ್ದು ಹತ್ತಿರದ ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಖಾಲಿ ಶೆಡ್ಡಿನಲ್ಲಿ. ನಾವಿಬ್ಬರೂ ಒಟ್ಟಿಗೇ ಹೋದೆವು. ಬಾಯಮ್ಮ ಬೆಳಿಗ್ಗೆಯೇ ಬೇಯಿಸಿದ ಪತ್ರೊಡೆಯನ್ನು ಪಾತ್ರೆ ಸಮೇತ ಬಟ್ಟೆಯಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಂಡಿದ್ದರು. "ಇಲ್ಲಿ ಮಾಡಿದ್ದು ಅಲ್ಲಿಗೆ ಎಂತಕ್ಕೆ?" ಎಂದು ಕೇಳಿದೆ. "ಅವರೇ ತರಲಿಕ್ಕೆ ಹೇಳಿದ್ದು ಟೀಚರೇ. ಅರ್ಧ ಗಂಟೆಯಲ್ಲಿ ಪತ್ರೊಡೆ ಆಗ್ತದಾ? ಅಲ್ಲಿ ಸುತ್ತುವುದು ಮಾತ್ರ, ತಿನ್ನುವುದು ಇದನ್ನು" ಎಂದರು. ಪರದೆಯ ಮೇಲೆ ಗಡಿಯಾರ ಓಡುತ್ತಿರುತ್ತದೆ, ಒಲೆಯ ಮೇಲಿದ್ದದ್ದು ಒಲೆಯ ಮೇಲೇ ಇರುತ್ತದೆ, ತಟ್ಟೆಗೆ ಬರುವುದು ಮನೆಯದ್ದು. ನಾನು ಅಲ್ಲಿಂದಲೇ ತಿರುಗಿ ಬರಬೇಕಿತ್ತು.

ಅಲ್ಲಿ ಇನ್ನೊಂದು ನಾಟಕ. ತೀರ್ಪು ನಿಷ್ಪಕ್ಷಪಾತ ಆಗಬೇಕಂತೆ. ಅದಕ್ಕೆ ರುಚಿ ನೋಡುವಾಗ ಸ್ಪರ್ಧಿಗಳನ್ನೆಲ್ಲ ಒಳಗಿನ ಕೋಣೆಗೆ ಕಳಿಸಿ ಬಾಗಿಲು ಹಾಕಿದರು. ಯಾವ ತಟ್ಟೆ ಯಾರದು ಎಂದು ತೀರ್ಪುಗಾರರಾದ ನಮಗೂ ಹೇಳಲಿಲ್ಲ.

ಮೊದಲು ಗಾಜಿನ ತಟ್ಟೆಯಲ್ಲಿ ಒಂದು ಪತ್ರೊಡೆ ಬಂತು, ಜೊತೆಗೆ ಮುಳ್ಳುಚಮಚ. ಚುಚ್ಚಿ ಒಂದು ತುಂಡು ಬಾಯಿಗಿಟ್ಟೆ. ದೇವರೇ, ನಡುವಿನಲ್ಲಿ ಎಲೆ ಹಸಿ ಹಸಿ. ಮೀಂಜ ಕಡೆಯ ಒಬ್ಬಳು ಹುಡುಗಿಯದು ಅದು ಎಂದು ಆಮೇಲೆ ಗೊತ್ತಾಯಿತು. ಮನೆಯಿಂದ ಮಾಡಿ ತರಬೇಕೆಂದು ಪಾಪ ಅವಳಿಗೆ ಯಾರೂ ಹೇಳಿರಲಿಲ್ಲವಂತೆ, ಅಲ್ಲಿಯೇ ಗಡಿಬಿಡಿಯಲ್ಲಿ ಬೇಯಿಸಿದ್ದಳು. ಅಂದರೆ ಆ ಶೆಡ್ಡಿನಲ್ಲಿ ನಿಯಮ ಪ್ರಕಾರ ಅಡುಗೆ ಮಾಡಿದವಳು ಅವಳೊಬ್ಬಳೇ. ನನ್ನ ಗಂಟಲು ತುರಿಸಲಿಕ್ಕೆ ಸುರುವಾಯಿತು. ಮೋರೆ ಕಿವುಚಿತು, ಕೈ ಗಂಟಲಿಗೆ ಹೋಯಿತು. "ಕಟ್" ಎಂದ ನಿರ್ದೇಶಕ. "ಟೀಚರ್, ಹಬ್ಬದ ಪ್ರೋಗ್ರಾಂ ಅಲ್ವಾ ಇದು, ಪಾಪದ ಹುಡುಗಿ. ಇನ್ನೊಂದು ಸಲ ಸ್ವಲ್ಪ ನಗಿ." ನೀರು ಕುಡಿದು, ಖಾಲಿ ಚಮಚ ಬಾಯಿಗಿಟ್ಟು ನಕ್ಕೆ. "ತುಂಬ ಚೆನ್ನಾಗಿದೆ" ಎಂದೆ. ಅಂಕ ಮಾತ್ರ ಕಾಗದದಲ್ಲಿ ಕಡಿಮೆಯೇ ಹಾಕಿದೆ. ನಗುವುದು ಅವರಿಗೆ, ಅಂಕ ನನಗೆ ಎಂದು ನನ್ನ ಲೆಕ್ಕ.

ಮುಂದಿನದು ಬಾಳೆಎಲೆಯಲ್ಲಿ ಬಂತು. ಅಲ್ಲಿ ಚಮಚ ಇರಲಿಲ್ಲ, ಕೈಯಲ್ಲೇ ತಿಂದೆ. ಬಿಂಬುಳಿಯ ಹುಳಿ ನಾಲಗೆಗೆ ತಾಗಿದ ಕೂಡಲೇ ಯಾರದೆಂದು ಗೊತ್ತಾಯಿತು. ಕೊಟ್ಟದ್ದನ್ನು ಪೂರ್ತಿ ತಿಂದೆ, ಕ್ಯಾಮೆರಾ ಉಂಟೆಂಬುದು ಸಹ ಮರೆತುಹೋಯಿತು. ತಿನ್ನುವಾಗ ನನ್ನ ಮೋರೆ ಹೇಗಿತ್ತೋ ನನಗೆ ಗೊತ್ತಿಲ್ಲ. ಹೊಟ್ಟೆ ತುಂಬಾ ತಿನ್ನುವವರ ಮೋರೆಯಲ್ಲಿ ವಿಶೇಷ ಎಂತ ಇರುತ್ತದೆ? ನಿರ್ದೇಶಕನಿಗೆ ಮಾತ್ರ ಅದು ಹಿಡಿಸಲಿಲ್ಲ. "ರಿಯಾಕ್ಷನ್ ಸಾಲಲಿಲ್ಲ, ಇರಲಿ, ನೋಡುವ" ಎಂದು ಗೊಣಗಿದ.

ಹಿಂದೆ ಬರುವಾಗ ಬಸ್ಸಿನಲ್ಲಿ ಬಾಯಮ್ಮ ಕೇಳಿದರು, "ಹೇಗಿತ್ತು ಟೀಚರೇ, ನಿಜ ಹೇಳಿ." "ನಿಮ್ಮದು ಯಾವಾಗಿನ ಹಾಗೆ ಉಂಟು ಬಾಯಮ್ಮ, ಅದರಲ್ಲಿ ಕೇಳಲಿಕ್ಕೆ ಎಂತ" ಎಂದೆ. ಅವರು ಖುಷಿಯಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕೂತರು.

ಪ್ರಸಾರದ ದಿನ ಬಾಯಮ್ಮನ ಮನೆಯಲ್ಲಿ ಜಾಗವಿಲ್ಲದಷ್ಟು ಜನ. ತಮ್ಮನ ಮನೆಯವರು, ಇಗರ್ಜಿಯ ಹೆಂಗಸರು, ನಡುವೆ ಬೆತ್ತದ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ್ದರು. ಮೊದಲು ಮೀಂಜದ ಹುಡುಗಿಯ ಗಾಜಿನ ತಟ್ಟೆ, ನನ್ನ ನಗು, "ತುಂಬ ಚೆನ್ನಾಗಿದೆ." ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ಆಮೇಲೆ ಬಾಯಮ್ಮನ ಬಾಳೆಎಲೆ ಬಂತು. ಎಲೆಗೆ ನನ್ನ ಕೈ ಹೋಯಿತು. ಅದರ ಹಿಂದೆಯೇ ನನ್ನ ಮೋರೆ. ಯಾವ ಮೋರೆ? ಕಿವುಚಿದ್ದು, ಕೈ ಗಂಟಲಿಗೆ ಹೋದದ್ದು. ಅದನ್ನು ನಿಧಾನ ಮಾಡಿ, ಹಿಂದೆ ಡೋಲಿನ ಶಬ್ದ ಹಾಕಿ, ಎರಡೆರಡು ಸಲ ತೋರಿಸಿದರು. ಕೆಳಗೆ ದೊಡ್ಡ ಅಕ್ಷರ: "ನೆರೆಮನೆ ಗೆಳತಿಯ ಖಡಕ್ ತೀರ್ಪು!" ಯಾವ ತಟ್ಟೆ ಯಾರದೆಂದು ಗೊತ್ತಿಲ್ಲದ ಸ್ಪರ್ಧೆಯಲ್ಲಿ ನೆರೆಮನೆಯ ಗೆಳತಿ ಎಲ್ಲಿಂದ ಬಂದಳು ಎಂದು ಕೇಳುವವರು ಆ ಕೋಣೆಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲ.

ಬಹುಮಾನ ಮೀಂಜದ ಹುಡುಗಿಗೆ ಹೋಯಿತು, ನಾನು ಕಾಗದದಲ್ಲಿ ಹಾಕಿದ ಅಂಕ ಎಲ್ಲಿ ಹೋಯಿತೋ. ಟಿ.ವಿ. ಆರಿಸಿದರು. "ಅದು ನಿಮ್ಮದಕ್ಕೆ ಅಲ್ಲ ಬಾಯಮ್ಮ" ಎಂದೆ. "ಇರಲಿ ಟೀಚರೇ, ಕಾಫಿ ಕುಡಿಯಿರಿ" ಎಂದರು. ಅವರ ತಮ್ಮನ ಹೆಂಡತಿ ಕೊಂಕಣಿಯಲ್ಲಿ ಏನೋ ಹೇಳಿದಳು, ಬಾಯಮ್ಮ ಅವಳನ್ನು ಸುಮ್ಮನಿರಿಸಿದರು. ನಾನು ಕಾಫಿ ಅಲ್ಲೇ ಇಟ್ಟು ಮನೆಗೆ ಬಂದೆ.

ಕಲೋತ್ಸವದಲ್ಲಾದರೆ ತೀರ್ಪು ಸರಿಯಿಲ್ಲದಿದ್ದರೆ ಅಪೀಲು ಹೋಗಬಹುದು. ಇಲ್ಲಿ ಯಾರಿಗೆ ಹೋಗುವುದು? ಚಾನೆಲ್ಲಿಗೆ ಫೋನು ಮಾಡಿದೆ. "ಪ್ರೋಗ್ರಾಮಿಗೆ ಸ್ವಲ್ಪ ಖಾರ ಬೇಕಲ್ವಾ ಟೀಚರ್" ಎಂದು ಆ ಹುಡುಗ ನಕ್ಕ. ನನಗೆ ಮೈಯೆಲ್ಲ ಉರಿಯಿತು, ಬಾಯಿಗೆ ಬಂದದ್ದು ಬೈದೆ. ಅವನು ಫೋನು ಇಟ್ಟ. ಮೀನು ಮಾರ್ಕೆಟಿನಲ್ಲಿ, ಬಸ್ ಸ್ಟಾಪಿನಲ್ಲಿ, ಕೊನೆಗೆ ಸ್ಟಾಫ್ ರೂಮಿನಲ್ಲೂ ಜನ ಕೇಳುವುದೇ, "ಪತ್ರೊಡೆ ಭಾರೀ ತುರಿಸಿತಂತಲ್ಲ ಟೀಚರ್?" ನಾನು ನಿಂತು ನಿಂತು ವಿವರಿಸುತ್ತಿದ್ದೆ. ವಿವರಿಸಿದಷ್ಟೂ ಅವರ ನಗು ಹೆಚ್ಚುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಗಿತ್ತು ನನ್ನ ಅವಸ್ಥೆ. ಬಾಯಮ್ಮನನ್ನು ಇಗರ್ಜಿಯವರು ಆ ವರ್ಷ ಪತ್ರೊಡೆಗೆ ಕರೆಯಲಿಲ್ಲ. ಅದನ್ನು ನನಗೆ ಅವರು ಹೇಳಲಿಲ್ಲ, ಬೇರೆಯವರಿಂದ ತಿಳಿಯಿತು.

ಮರುಪ್ರಸಾರದ ದಿನ ನಾನು ಅವರನ್ನು ಕೈ ಹಿಡಿದು ಎಳೆದುಕೊಂಡು ಬಂದು ನಮ್ಮ ಮನೆಯ ಟಿ.ವಿ.ಯ ಎದುರು ಕೂರಿಸಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕಲ್ಲ, ಪ್ರಮಾಣ ಅದರೊಳಗೇ ಇತ್ತು. ಆ ಕಿವುಚಿದ ಮೋರೆ ಬಂದ ಕೂಡಲೇ ಪರದೆಯ ಮೇಲೆ ಬೆರಳಿಟ್ಟು, "ನೋಡಿ, ನನ್ನ ಕೈಯಲ್ಲಿ ಮುಳ್ಳುಚಮಚ ಉಂಟು. ನಿಮ್ಮದನ್ನು ನಾನು ಕೈಯಲ್ಲಿ ತಿಂದದ್ದು. ಇದು ಆ ಹುಡುಗಿಯದ್ದು ತಿಂದಾಗಿನ ಮೋರೆ, ಇಲ್ಲಿ ತಂದು ಅಂಟಿಸಿದ್ದಾರೆ" ಎಂದೆ. ಗೆದ್ದೆ ಎಂದೇ ನಾನು ತಿಳಿದದ್ದು.

ಬಾಯಮ್ಮ ಚಮಚವನ್ನು ನೋಡಿದರು. "ಹೌದು, ಚಮಚ ಉಂಟು" ಎಂದರು. "ಅವಳದ್ದು ತುರಿಸಿದ್ದಾದರೆ ಅವಳಿಗೆ ನಕ್ಕದ್ದು ಎಂತಕ್ಕೆ?" ಎಂದು ಕೇಳಿದರು.

"ಅವರು ನಗಲಿಕ್ಕೆ ಹೇಳಿದರು."

"ಹೇಳಿದರೆ ನಗ್ತೀರಾ ನೀವು?"

ಬಾಯಮ್ಮ ಎದ್ದು ಸೆರಗು ಸರಿಮಾಡಿಕೊಂಡರು. ಸಿಟ್ಟು ಸಹ ಇರಲಿಲ್ಲ ಅವರ ಸ್ವರದಲ್ಲಿ. "ನನಗೆ ಆ ಕಿವುಚಿದ ಮೋರೆಯ ಬೇಜಾರು ಈಗ ಇಲ್ಲ ಟೀಚರೇ. ಆ ನಗು ಉಂಟಲ್ಲ, ಅದು ನೀವು ನಮ್ಮ ಮನೆಯಲ್ಲಿ ತಿನ್ನುವಾಗ ನಗುವ ನಗುವೇ. ಎಂತ ವ್ಯತ್ಯಾಸವೂ ಇಲ್ಲ. ಇಷ್ಟು ವರ್ಷ ನೀವು ಒಳ್ಳೆದುಂಟು ಅಂದದ್ದು ಯಾವುದು ನಿಜ, ಯಾವುದು ಮರ್ಯಾದೆಗೆ ಅಂತ ನನಗೆ ಈಗ ಹೇಗೆ ಗೊತ್ತಾಗುವುದು?" ಎಂದು ಕೇಳಿ ಹೋದರು.

ನನಗೆ ಅಂದು ತುಂಬ ದುಃಖವಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆ ಚಾನೆಲ್ಲಿನವನ ಮೇಲೆ, ಬಾಯಮ್ಮನ ಮೇಲೆ, ನನ್ನ ಹಾಳು ಮೋರೆಯ ಮೇಲೆ. ಕನ್ನಡಿಯ ಎದುರು ನಿಂತು ನಕ್ಕು ನೋಡಿದ್ದೂ ಉಂಟು. ಬಾಯಮ್ಮ ಹೇಳಿದ್ದು ಸರಿ, ನನ್ನ ಹತ್ತಿರ ಇದ್ದದ್ದು ಒಂದೇ ನಗು.

ಆಮೇಲೆ ಮಾತು ನಿಲ್ಲಲಿಲ್ಲ, ಆದರೆ ಮೊದಲಿನ ಮಾತಲ್ಲ ಅದು. ನೀರು ಬಂತಾ, ಕರೆಂಟು ಹೋಯ್ತಾ, ಅಷ್ಟೇ. ಒಳಗೆ ಬನ್ನಿ ಎಂದು ಅವರು ಕರೆಯುವುದಿಲ್ಲ, ಕರೆಯದೆ ನಾನು ಹೋಗುವುದು ಹೇಗೆ? ನಾನು ಏನಾದರೂ ಒಳ್ಳೆಯ ಮಾತು ಆಡಿದರೆ ಸಾಕು, ಬಾಯಮ್ಮ ನನ್ನ ಮೋರೆಯನ್ನೊಮ್ಮೆ ದಿಟ್ಟಿಸುತ್ತಿದ್ದರು. ನಿಮ್ಮ ಸೀರೆ ಚೆಂದ ಉಂಟು ಎಂದು ಹೇಳಲಿಕ್ಕೂ ಹೆದರಿಕೆಯಾಗುತ್ತಿತ್ತು ನನಗೆ.

ಮರುವರ್ಷದ ಆಟಿಯಲ್ಲಿ ನಮ್ಮ ಹಿತ್ತಿಲಿನಲ್ಲಿ ಕೆಸು ಭಾರೀ ಚೆನ್ನಾಗಿ ಬಂದಿತ್ತು. ಒಂದು ಕಟ್ಟು ಎಲೆ ಕೊಯ್ದು ಅವರ ಕಂಪೌಂಡಿನ ಮೇಲಿಟ್ಟು ಬಂದೆ. ತೆಗೆದುಕೊಂಡರೆ ತೆಗೆದುಕೊಳ್ಳಲಿ, ಇಲ್ಲದಿದ್ದರೆ ದನ ತಿನ್ನಲಿ ಎಂದು ಬಿಟ್ಟೆ. ಮರುದಿನ ಶಾಲೆಯಿಂದ ಬರುವಾಗ ಬಾಯಮ್ಮ ಗೇಟಿನಲ್ಲಿ ನಿಂತಿದ್ದರು. "ಬನ್ನಿ" ಎಂದರು.

ಅಡುಗೆಮನೆಯಲ್ಲಿ ಮಣೆ ಹಾಕಿ, ಪತ್ರೊಡೆ ಕೊಯ್ದು, ಮೇಲೆ ತೆಂಗಿನೆಣ್ಣೆ ಹೊಯ್ದು ಕೊಟ್ಟರು. ಕೊಟ್ಟು ಎದುರಿಗೇ ಕೂತರು. ನಾನು ಒಂದು ತುಂಡು ಬಾಯಿಗಿಟ್ಟೆ. ಬಾಯಮ್ಮ ನನ್ನ ಮೋರೆ ನೋಡುತ್ತಿದ್ದರು, ಗಂಟಲು ನೋಡುತ್ತಿದ್ದರು. ಪತ್ರೊಡೆ ಎಷ್ಟು ಚೆನ್ನಾಗಿತ್ತೆಂದರೆ ನನಗೆ ಅಳು ಬರುವ ಹಾಗಾಯಿತು. ಆದರೆ ಅತ್ತರೂ ಕಷ್ಟ, ನಕ್ಕರೂ ಕಷ್ಟ. "ಒಳ್ಳೆದುಂಟು ಬಾಯಮ್ಮ" ಎಂದೆ. ಅವರು ಒಲೆಯ ಕಡೆಗೆ ತಿರುಗಿ ಪಾತ್ರೆ ಸರಿಸತೊಡಗಿದರು. ಇನ್ನು ಈ ಮನೆಗೆ ನನ್ನನ್ನು ಕರೆಯುವುದಿಲ್ಲ ಎಂದು ನನಗೆ ಖಂಡಿತವಾಯಿತು.

ಇನ್ನೊಂದು ತುಂಡು ತಿಂದು, "ಉಪ್ಪು ಸ್ವಲ್ಪ ಕಡಿಮೆ ಆಗಿದೆ" ಎಂದೆ.

ಬಾಯಮ್ಮ ಫಕ್ಕನೆ ತಿರುಗಿದರು. "ಅಲ್ವಾ? ನನಗೂ ಸಂಶಯ ಇತ್ತು ನೋಡಿ. ಇದನ್ನು ಹೇಳಲಿಕ್ಕೆ ನಿಮಗೆ ಇಷ್ಟು ಹೊತ್ತು ಬೇಕಾಯ್ತಾ?" ಎಂದು ನನ್ನ ಬೆನ್ನಿಗೊಂದು ಹೊಡೆದರು. ಆಮೇಲೆ ಕತ್ತಲಾಗುವ ತನಕ ನನ್ನನ್ನು ಬಿಡಲಿಲ್ಲ, ವರ್ಷದ ಮಾತನ್ನೆಲ್ಲ ಒಟ್ಟಿಗೆ ಆಡಿದರು.

ಉಪ್ಪು ಸರಿಯಾಗಿಯೇ ಇತ್ತು.