ಲಗ್ನಪತ್ರಿಕೆಗೂ ಲೈನ್ ಕ್ಲಿಯರ್

ನಮ್ಮ ಕಡೆ ಬಂದ ಲಗ್ನಪತ್ರಿಕೆಯನ್ನು ಬಿಡಿಸದೆ ಪಕ್ಕಕ್ಕಿಡುವುದು ಮದುವೆ ಮನೆಯವರಿಗೆ ಮಾಡುವ ಅವಮಾನ. ಕಳಿಸಿದವರ ಗುರುತು ಸಿಗದಿದ್ದರೂ ಕೊನೆಯ ಸಾಲಿನವರೆಗೆ ಓದಿ, ಯಾರ ಕಡೆಯವರೆಂದು ಪತ್ತೆ ಹಚ್ಚಬೇಕು. ಈ ಕರ್ತವ್ಯಪ್ರಜ್ಞೆಯೇ ಮದ್ದೂರಿನ ನಮ್ಮ ಮನೆಯ ಕಂಪ್ಯೂಟರಿಗೆ ಮುಳುವಾಯಿತು.

ಒಂದು ಬೆಳಿಗ್ಗೆ ಇ-ಮೇಲ್‌ನಲ್ಲಿ ‘ಲಗ್ನಪತ್ರಿಕೆ’ ಎಂಬ ಫೈಲು ಬಂತು. ಮೇಲೊಂದು ಪುಟ್ಟ ಗಣಪತಿ. ಕಳಿಸಿದವರು ಯಾರೋ ತಿಳಿಯದು. ಒತ್ತಿದೆ. ಆಂಟಿವೈರಸ್ಸು ಕೆಂಪು ಪಟ್ಟಿ ತೋರಿಸಿ, ಇದು ಅಪಾಯಕಾರಿ, ತಡೆಯಲೇ ಎಂದು ಕೇಳಿತು. ಶುಭಕಾರ್ಯದಲ್ಲಿ ಅಪಶಕುನ ನುಡಿಯುವ ಬಂಧುಗಳನ್ನು ಬೇಕಾದಷ್ಟು ಕಂಡವನು ನಾನು. ಅವರಿಗೆ ಕೊಡುವಷ್ಟೇ ಬೆಲೆ ಕೊಟ್ಟು, ಬೇಡವೆಂದೆ. ವಧೂವರರು ಕಾಣಿಸಲಿಲ್ಲ. ಸ್ವಲ್ಪ ಹೊತ್ತಿಗೆ ಮೌಸಿನ ಬಾಣ ನನ್ನ ಕೈ ಸೋಕದೆಯೇ ಪರದೆಯ ಮೇಲೆ ಓಡಾಡುತ್ತ, ಉಗ್ರಾಣಕ್ಕೆ ನುಗ್ಗಿದ ದೂರದ ನೆಂಟನಂತೆ ಒಂದೊಂದೇ ಫೋಲ್ಡರು ತೆರೆಯತೊಡಗಿತು.

ಅದರಲ್ಲೊಂದು ಫೋಲ್ಡರಿನಲ್ಲಿ, ನನ್ನ ಹೆಂಡತಿ ಮಳವಳ್ಳಿಯ ತವರಿನಲ್ಲಿ ಕೂತು ರೆಕಾರ್ಡು ಮಾಡಿಕೊಂಡಿದ್ದ ಅವಳ ತಾಯಿಯ ಸೋಬಾನೆ ಪದಗಳಿದ್ದವು. ಬೇರೆಲ್ಲೂ ಪ್ರತಿಯಿಲ್ಲ. ಹಲ್ಲು ಉದುರಿದ ಮೇಲೆ ಪದ ಸೋರಿಹೋಗುತ್ತದೆಂದು ಅತ್ತೆಯವರು ಹಾಡುವುದನ್ನೇ ನಿಲ್ಲಿಸಿಬಿಟ್ಟಿದ್ದರು.

ಹೆಂಡತಿ ನನ್ನನ್ನು ಬೈಯಲಿಲ್ಲ. ಪರಿಸ್ಥಿತಿ ಎಷ್ಟು ಗಂಭೀರವೆಂದು ಆಗಲೇ ಅರಿವಾದದ್ದು. ಶಿವನಸಮುದ್ರದ ಪವರ್‌ಹೌಸಿನಲ್ಲಿ ಕೆಲಸ ಮಾಡುವ ತಮ್ಮನಿಗೆ ಫೋನು ಹಚ್ಚಿ ನನ್ನ ಕೈಗಿತ್ತಳು.

“ಮೊದ್ಲು ನೆಟ್ಟಿನ ವೈರ್ ಕಿತ್ತಾಕಿ ಭಾವ,” ಎಂದ ಅವನು. “ಆಮ್ಯಾಕೆ ಯಾರೂ ಮುಟ್‌ಬ್ಯಾಡಿ. ನಾನು ಬತ್ತೀನಿ.”

ಅವನ ಪವರ್‌ಹೌಸಿನಲ್ಲಿ, ಕರೆಂಟು ತೆಗೆದಾಯಿತು, ಇನ್ನು ಕೆಲಸ ಮಾಡಬಹುದು ಎಂಬ ಅಪ್ಪಣೆ, ಅಂದರೆ ಲೈನ್ ಕ್ಲಿಯರ್, ಸಿಗುವವರೆಗೆ ಯಾರೂ ತಂತಿ ಮುಟ್ಟುವಂತಿಲ್ಲ. ಬಸ್ಸಿಳಿದು ಬಂದವನು ಆ ಶಾಸ್ತ್ರವನ್ನು ನಮ್ಮ ನಡುಮನೆಯಲ್ಲೂ ನೆರವೇರಿಸಿದ: ‘ಕೆಲಸ ನಡೆಯುತ್ತಿದೆ’ ಎಂದು ರಟ್ಟಿನ ಮೇಲೆ ಬರೆದು ಮಾನಿಟರಿಗೆ ನೇತುಹಾಕಿದ. ಹೆಂಡತಿಯ ಫೋನಿನಿಂದ ನಮ್ಮ ಪಾಸ್‌ವರ್ಡುಗಳನ್ನೆಲ್ಲ ಬದಲಾಯಿಸಿದ. ತಾನು ತಂದ ಪೆನ್ ಡ್ರೈವಿನಿಂದ ಕಂಪ್ಯೂಟರು ಹಚ್ಚಿ, ಹಾಡುಗಳನ್ನಷ್ಟೇ ತಪಾಸಣೆ ಮಾಡಿ ಹೊರತೆಗೆದು, ಉಳಿದದ್ದನ್ನೆಲ್ಲ ಅಳಿಸಿಹಾಕಿದ. ನಾನು ಕಾಫಿ ಖಾತೆ ವಹಿಸಿಕೊಂಡಿದ್ದೆ.

“ಅಲ್ಲಾ ಭಾವ, ಗುರ್ತಿಲ್ದೋರ ಮದ್ವೇಲಿ ಉಣ್ಣಾಕೆ ಅಷ್ಟೊಂದು ಆಸೆಯಾ ನಿಮ್ಗೆ?”

ಓದಲು ಮಾತ್ರ ತೆರೆದೆನೆಂದು ಘನತೆಯಿಂದ ಉತ್ತರಿಸಿದೆ.

ಒಂದು ಹಾಡು ಹಚ್ಚಿದ. ಹಲ್ಲಿದ್ದ ಕಾಲದ ಅತ್ತೆಯವರ ದನಿ ಮನೆ ತುಂಬಿತು. ಹೆಂಡತಿ ನಿಂತೇ ಕೇಳಿದಳು. ಮುಗಿದ ಮೇಲೆ, ಇನ್ನು ಮುಂದೆ ನನಗೆ ಲೈನ್ ಕ್ಲಿಯರ್ ಕೊಡುವ ಅಧಿಕಾರ ತನಗಿರಲಿ ಎಂದು ತಮ್ಮನಿಗೆ ಹೇಳಿದಳು. ಅಂದಿನಿಂದ ನಮ್ಮ ಕಂಪ್ಯೂಟರಿನಲ್ಲಿ ನಾನು ಸಾಮಾನ್ಯ ಪ್ರಜೆ. ಹೊಸದೇನು ಒಳಗೆ ಬರಬೇಕಾದರೂ ಅವಳ ಪಾಸ್‌ವರ್ಡು ಬೇಕು. ಹಾಡುಗಳ ಒಂದು ಡಿಸ್ಕು ದೇವರ ಮನೆಯಲ್ಲಿದೆ, ಇನ್ನೊಂದು ಮಳವಳ್ಳಿಯಲ್ಲಿ.

ಮೊನ್ನೆ ನಿಡಘಟ್ಟದ ನೆಂಟರಾಕೆ ಕಳಿಸಿದ ಲಗ್ನಪತ್ರಿಕೆಯೂ ಅಪ್ಪಣೆಗಾಗಿ ಕಾದಿತ್ತು. ಕಳಿಸಿದ್ದು ನೀವೇನಾ ಎಂದು ಹೆಂಡತಿ ಫೋನು ಮಾಡಿ ವಿಚಾರಿಸಿದಳು. ಇಷ್ಟು ಕಾಳಜಿಯಿಂದ ವಿಚಾರಿಸಿದವರು ಬೇರಾರೂ ಇಲ್ಲವೆಂದು ಆಕೆಗೆ ಪರಮಾನಂದ. ಸೋಬಾನೆಗೆ ನಿಮ್ಮವ್ವನನ್ನೂ ಕರೆತನ್ನಿ ಎಂದರಂತೆ.

“ಅವ್ವ ಹಾಡಾಕಿಲ್ಲ ಕಣಮ್ಮ,” ಎಂದಳು ನನ್ನ ಹೆಂಡತಿ. “ಡಿಸ್ಕು ತತ್ತೀನಿ.”