ಜೇಕಿನ ನೀರು

ಹೊಟ್ಟೆಕಿಚ್ಚು ಹೇಗೆ ಸುಡುತ್ತದೆ ಎಂದು ನನ್ನನ್ನು ಕೇಳಬೇಕು. ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಕಲಬುರಗಿಯಿಂದ ಕಮಲಾಪುರಕ್ಕೆ ಹಿರಿಯ ಸೊಸೆಯಾಗಿ ಬಂದವಳು ನಾನು. ಶರಣಬಸವೇಶ್ವರ ಗುಡಿಯ ಹತ್ತಿರವೇ ನನ್ನ ತವರು. ಅಪ್ಪನ ಅಂಗಡಿಯ ಉರ್ದು ಚೀಟಿಗಳನ್ನು ಓದುವಷ್ಟು ಅಕ್ಷರ ಬರುತ್ತಿತ್ತು. ಕಮಲಾಪುರದಲ್ಲಿ ಅದು ಯಾರಿಗೆ ಬೇಕಾಗಿತ್ತು? ಎರಡು ವರ್ಷದ ಮೇಲೆ ಮೈದುನನ ಹೆಂಡತಿಯಾಗಿ ಒಬ್ಬ ಹಳ್ಳಿ ಹುಡುಗಿ ಬಂದಳು. ಮಣ್ಣು ಮುಟ್ಟಿ ಹದ ಹೇಳುತ್ತಿದ್ದಳು. ಅಷ್ಟೇ ಸಾಕಾಯಿತು, ಅತ್ತೆಯ ಬಾಯಲ್ಲಿ ದಿನವಿಡೀ ಅವಳದೇ ಜಪ.

ಹಿಂಗಾರಿ ಬಿತ್ತನೆಯಲ್ಲಿ ಕೂರಿಗೆಯ ಬಟ್ಟಲಿಗೆ ಕಾಳು ಬಿಡುವುದು ನಮ್ಮಲ್ಲಿ ಹೆಂಗಸರ ಕೆಲಸ, ದೊಡ್ಡ ಮಾನದ ಕೆಲಸ. ಅದುವರೆಗೆ ಅತ್ತೆಯೇ ಬಿಡುತ್ತಿದ್ದರು. ಆ ವರ್ಷ ಅವರ ಸೊಂಟ ಹಿಡಿದಿತ್ತು. ನವರಾತ್ರಿಯಲ್ಲಿ ದೇವಿಯ ಮುಂದೆ ಮಣ್ಣಿನಲ್ಲಿ ಕಾಳು ಮೊಳೆಸುವ ಘಟ ಹಾಕುವ ದಿನ ಹೊಲದ ಮಣ್ಣು ತುಂಬಿದ ಎರಡು ಪತ್ರಾವಳಿಗಳನ್ನು ನಮ್ಮಿಬ್ಬರ ಮುಂದೆ ಇಟ್ಟರು.

"ನಿಮ್ಮ ನಿಮ್ಮ ಜ್ವಾಳ ಹಾಕ್ರಿ. ಯಾರ ಸಸಿ ಛಲೋ ಏಳ್ತಾವ, ಅವರ ಬೀಜಾನ ಬಿತ್ತೂದು. ಬಟ್ಟಲಾನೂ ಅವರ ಕೈಯಾಗ."

ನನ್ನದು ಅಪ್ಪ ಪೇಟೆಯಿಂದ ಕಳಿಸಿದ್ದ ಜೋಳ. ಅವಳದು ತವರಿನಿಂದ ಗಡಿಗೆಯಲ್ಲಿ ಬೂದಿ ಬೆರೆಸಿ ತಂದದ್ದು, ಮುತ್ತಿನಂಥ ಕಾಳು. ನೋಡಿದ ಕೂಡಲೇ ನನ್ನ ಮೈ ಉರಿಯಿತು.

ಹಿಂದಿನ ವಾರ ಹೊಲ ಹಸನು ಮಾಡುವಾಗ ಆಳು ಹೆಂಗಸೊಬ್ಬಳು ಜೇಕಿನ ಹುಲ್ಲನ್ನು ಗಡ್ಡೆ ಸಮೇತ ಕಿತ್ತು ಬದುವಿಗೆ ಗುಡ್ಡೆ ಹಾಕುತ್ತಿದ್ದಳು.

"ಬರೇ ಹುಲ್ಲಿಗಿ ಇಷ್ಟ್ಯಾಕ ಒದ್ದಾಡ್ತಿ?" ಎಂದಿದ್ದೆ.

"ಬರೇ ಹುಲ್ಲಲ್ರೀ ಅವ್ವಾರ, ಪಾಪಿ ಅದ. ಇದರ ಗಡ್ಡಿ ರಸಾ ಇಳಿದ ಮಣ್ಣಾಗ ಜ್ವಾಳ ಮೊಳಕಿ ಒಡಿಯಂಗಿಲ್ಲ. ಒಡದ್ರೂ ಬೇರು ಸುಟ್ಟಂಗ ಕಪ್ಪಾಗ್ತಾವ."

ಘಟಕ್ಕೆ ನೀರು ಹಾಕುವುದು ಹಿರಿಯವಳಾದ ನನ್ನ ಕೆಲಸ. ದಿನಾ ಬೆಳಗ್ಗೆ ಸ್ನಾನ ಮಾಡಿ ಎರಡು ತಂಬಿಗೆ ಹಿಡಿದು ದೇವರ ಕೋಣೆಗೆ ಹೋಗುತ್ತಿದ್ದೆ. ಒಂದರಲ್ಲಿ ಬಾವಿ ನೀರು. ಇನ್ನೊಂದರಲ್ಲಿ ಜೇಕಿನ ಗಡ್ಡೆ ಜಜ್ಜಿ, ನೆನೆಹಾಕಿ, ಸೋಸಿದ ನೀರು. ದೇವಿಯ ಕಣ್ಣೆದುರೇ ಅದನ್ನು ಅವಳ ಪತ್ರಾವಳಿಗೆ ಸುರಿದೆ. ನಾಲ್ಕನೆಯ ದಿನ ನನ್ನ ಮಣ್ಣಿನಲ್ಲಿ ಹಸಿರು ಕಂಡಿತು. ಅವಳದರಲ್ಲಿ ಐದಾರು ಮೊಳಕೆ ಇಣುಕಿ, ಹಳದಿಯಾಗಿ, ಅಲ್ಲೇ ಮಲಗಿದವು.

ಒಂಬತ್ತನೆಯ ದಿನ ಅತ್ತೆ ಅದನ್ನು ನೋಡಿ ನಿಟ್ಟುಸಿರುಬಿಟ್ಟರು. "ಬೀಜದಾಗ ಜೀವ ಇಲ್ಲವ್ವಾ, ನೀ ಏನ್ ಮಾಡ್ತಿ" ಎಂದು ಅವಳ ತಲೆ ಸವರಿದರು. ಬಟ್ಟಲನ್ನು ನನ್ನ ಕೈಗೆ ಕೊಟ್ಟರು, ಮುಖ ಸಹ ನೋಡದೆ. ಗೆದ್ದವಳು ನಾನು, ತಲೆ ಸವರಿಸಿಕೊಂಡವಳು ಅವಳು! ಅಯ್ಯ, ಆ ಉರಿಯನ್ನು ಏನೆಂದು ಹೇಳಲಿ.

ಬಿತ್ತಲು ಬಾರದ ಕಾಳನ್ನು ರೊಟ್ಟಿಗಾದರೂ ಬೀಸಿರಿ ಎಂದರು ಅತ್ತೆ. ಬೂದಿ ತೊಳೆದು ಒಣಗಿಸಿ, ಇಬ್ಬರೂ ಬೀಸುವ ಕಲ್ಲಿಗೆ ಎದುರುಬದುರು ಕೂತೆವು. ಅವಳು ಹಿಡಿ ಹಿಡಿಯಾಗಿ ಕಾಳು ಹಾಕುತ್ತಿದ್ದಳು. ಕೊನೆಯ ಹಿಡಿಗೆ ಬಂದಾಗ ಅವಳ ಕೈ ನಿಂತಿತು.

"ಅಕ್ಕಾ, ಇದು ನಮ್ಮವ್ವ ತನ್ನ ಕೈಲೆ ತೆನಿ ಆರಿಸಿ ಇಟ್ಟಿದ್ದು ನೋಡ್ರಿ. ಪ್ಲೇಗಿನಾಗ ಅವ್ವಾನೂ ಹ್ವಾದ್ಲು, ಅಪ್ಪಾನೂ ಹ್ವಾದ. ಹೊಲಾ ಮಂದಿ ಪಾಲಾತು. ಈ ಬೀಜ ಮತ್ತೆಲ್ಲೂ ಇಲ್ಲ. ಇಷ್ಟು ಇಟ್ಕೊಳ್ಳಲೇನ್ರಿ? ಸತ್ತ ಕಾಳ ಇಟ್ಕೊಂಡು ಏನ್ ಮಾಡ್ಲಿ, ಅದೂ ಖರೇನ…"

ಕಾಳು ಸತ್ತಿರಲಿಲ್ಲ. ಅದು ಗೊತ್ತಿದ್ದದ್ದು ಆ ಮನೆಯಲ್ಲಿ ನನ್ನೊಬ್ಬಳಿಗೇ. ಅವಳು ಮುಷ್ಟಿ ಬಿಗಿಹಿಡಿದು, ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು.

"ಹಾಕು" ಎಂದೆ. ಗೂಟ ತಿರುಗಿಸಿದೆ.