ಅಭಿಜಿನ್ ಮುಹೂರ್ತದ ಕ್ಲೋರಿನ್

ನಾಗಪುರದ ಧರಮಪೇಠದ ನಮ್ಮ ವಸತಿ ಸೊಸೈಟಿಯಲ್ಲಿ ವಾದಿರಾಜರಷ್ಟು ಓದಿಕೊಂಡ ಹಟಮಾರಿ ಇನ್ನೊಬ್ಬರಿಲ್ಲ. ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ನೀರು ಪರೀಕ್ಷಿಸುವ ಕೆಮಿಸ್ಟ್ ಆಗಿದ್ದು ನಿವೃತ್ತರಾದವರು. ಅಲ್ಲಿ ಸಾಹೇಬರ ಭಯವಿತ್ತು, ವಿಜ್ಞಾನ ನಡೆಯಿತು. ಮನೆಗೆ ಬಂದ ಮೇಲೆ ಪಂಚಾಂಗದ್ದೇ ಕಾರುಬಾರು.

ಪಂಪ್ ಕೆಟ್ಟು ನಿಂತಿದ್ದ ನಮ್ಮ ಈಜುಕೊಳ ಪಾಚಿಗಟ್ಟಿ ಪಾಲಕ್ ಸಾರಿನ ಹಾಗಾಗಿತ್ತು. ಅವರ ಹೆಂಡತಿ ಸುಲೋಚನಾಬಾಯಿಗೆ ಮೊಣಕಾಲು ಸವೆದು ನಡೆಯುವುದೇ ಕಷ್ಟ. ನೀರಿನಲ್ಲಿ ನಡೆದರೆ ಗುಣ ಕಂಡೀತು ಅಂದಿದ್ದರು ಡಾಕ್ಟರು. ಹಾಗಾಗಿ ಪಂಪ್ ರಿಪೇರಿಯಾದ ಕೂಡಲೇ ವಾದಿರಾಜರು ಪಂಚೆ ಎತ್ತಿ ಕಟ್ಟಿ ಕೊಳವನ್ನು ವಹಿಸಿಕೊಂಡರು. ಗೋಡೆ ಉಜ್ಜಿದರು, ಎಲೆ ತೆಗೆದರು, ಫಿಲ್ಟರ್ ತೊಳೆಸಿದರು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಶುಭಕಾರ್ಯವೆಂದು ಅಭಿಜಿನ್ ಮುಹೂರ್ತ ನೋಡಿ ಕ್ಲೋರಿನ್ ಹಾಕಿದರು. ಅಂದರೆ ನಡುಮಧ್ಯಾಹ್ನ. ಅದೂ ನಾಗಪುರದ ಮೇ ತಿಂಗಳಲ್ಲಿ!

ಆ ಬಿಸಿಲು ಮನುಷ್ಯರನ್ನೇ ಬಿಡುವುದಿಲ್ಲ, ಕ್ಲೋರಿನ್ನನ್ನು ಬಿಟ್ಟೀತೆ? ಸಂಜೆಗೆ ಔಷಧಿಯ ಸತ್ವವೆಲ್ಲ ಹೋಗಿ ಪಾಚಿ ಆರಾಮಾಗಿತ್ತು. ಮರುದಿನ ಮತ್ತೆ ಅದೇ ಮುಹೂರ್ತ, ಅದೇ ಹಸಿರು. ಕೊಳ ಮುಚ್ಚಿಸಿ ಪಾರ್ಕಿಂಗ್ ಮಾಡೋಣ ಎಂದು ಸೊಸೈಟಿಯವರು ಗೊಣಗತೊಡಗಿದರು.

ಸುಲೋಚನಾಬಾಯಿ ಸಿಡಿದರು. "ರೀ, ಖಾಪರಖೇಡಾದಾಗ ಮುಹೂರ್ತ ನೋಡಿ ಕ್ಲೋರಿನ್ ಹಾಕ್ತಿದ್ರೇನು? ಬಿಸಿಲು ಇಳದ ಮ್ಯಾಲೆ ಹಾಕ್ರಿ. ಜಲ್ದಿ ತಿಳಿ ಆಗಬೇಕು ಈ ನೀರು. ನನಗ ನಡೀಬೇಕಾಗೇದ."

"ಅದು ಸರಕಾರದ ನೀರಿತ್ತು. ಇದರಾಗ ನೀ ಇಳಿಯಾಕಿ. ನಿನಗ ಒಳ್ಳೇದಾಗಲಿ ಅಂತ ನೋಡಿದೆ," ಎಂದರು ವಾದಿರಾಜರು. ದನಿ ಸಣ್ಣಗಾಗಿತ್ತು. ನಗಲು ಬಾಯಿ ತೆರೆದಿದ್ದ ನಾನು ಮುಚ್ಚಿಕೊಂಡೆ.

ಅಂದು ಹೊತ್ತು ಮುಳುಗಿದ ಮೇಲೆ ಹಾಕಿದರು. ಬೆಳಗಿನ ತನಕ ಪಂಪ್ ಓಡಿತು. ಪಾಚಿ ಸತ್ತು ಬೂದಿಬಣ್ಣವಾಗಿ ತಳಕ್ಕಿಳಿಯಿತು. ಅದನ್ನೆಲ್ಲ ಎಳೆದು ಹೊರಹಾಕಿಸಿ, ತಳದ ಜಾಲರಿ ನಿಚ್ಚಳವಾಗಿ ಕಾಣುವ ತನಕ, ಕ್ಲೋರಿನ್ ಅಳತೆ ಇಳಿದು ಹದಕ್ಕೆ ಬರುವ ತನಕ ಯಾರನ್ನೂ ಹತ್ತಿರ ಬಿಡಲಿಲ್ಲ. ಕೊನೆಗೆ ತಾವೇ ಘೋಷಿಸಿದರು: "ಬರೋಬರ್ ಅದ. ಕೂಸೂ ಇಳೀಬಹುದು."

ಸುಲೋಚನಾಬಾಯಿ ಸೀರೆ ಬಿಟ್ಟು ಸೊಸೆಯ ಸಲ್ವಾರ್ ಹಾಕಿಕೊಂಡು ಬಂದರು. ಗಂಡನ ತೋಳು ಹಿಡಿದು ಮೆಟ್ಟಿಲಿಳಿದರು. ಎದೆಮಟ್ಟದ ನೀರಿನಲ್ಲಿ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಆಮೇಲೆ ತೋಳು ಬಿಟ್ಟರು. "ನೋವಿಲ್ರೀ!" ಎಂದು ಕೂಗುತ್ತಾ ಆಚೆ ದಡದವರೆಗೆ ನಡೆದೇಬಿಟ್ಟರು.

ವಾದಿರಾಜರು ಮೆಟ್ಟಿಲ ಮೇಲೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಕೇಳಿದರೆ, ಕ್ಲೋರಿನ್ ಜಾಸ್ತಿ ಆಗೇದ ಅಂದರು.